ಕನ್ನಡದ ಓಲೆಯೂ ಸಿ ಭಾಷೆಯ ಇಮೇಲ್ ಲೈಬ್ರರಿಗಳೂ

ಬಾಣಾವರವೆಂಬ ಊರಿನ ಹೆಸರು ಬರೆಹದಲ್ಲಿ 4 ಅಕ್ಷರ. ಯೂನಿಕೋಡಿನಲ್ಲಿ ದೀರ್ಘದ ಚಿಹ್ನೆಗಳನ್ನು ಬೇರೆಯಾಗಿ ಎಣಿಸುವುದರಿಂದ ಅದೇ ಹೆಸರಿಗೆ 6 ಸಂಕೇತಗಳೂ, ಯುಟಿಎಫ್-8 ಕ್ರಮದಲ್ಲಿ 18 ಬೈಟುಗಳೂ ಬೇಕಾಗುತ್ತವೆ. 1982ರ ಆರ್‌ಎಫ್‌ಸಿ 822 ಎಂಬ ಇಮೇಲ್ ನಿಯಮವಾದರೋ ಆಸ್ಕಿ ಲಿಪಿಸಂಕೇತವನ್ನಲ್ಲದೆ ಬೇರೊಂದನ್ನು ಅರಿಯದು. ಈ ಕೊರತೆಯನ್ನು ನೀಗಲೆಂದೇ 1992ರಲ್ಲಿ ಮೈಮ್ ಎಂಬ ವ್ಯವಸ್ಥೆ ಹುಟ್ಟಿತು. 1996ರ ಆರ್‌ಎಫ್‌ಸಿ 2047ರಂತೆ, ಓಲೆಯ ವಿಷಯಪಂಕ್ತಿಯಲ್ಲಿ ಕನ್ನಡವು ಬೇಸ್64 ಮೊದಲಾದ ವೇಷದಲ್ಲಿ ಪ್ರಯಾಣ ಮಾಡತಕ್ಕದ್ದು. ಹೀಗೆ ಕಟ್ಟಿದ ಒಂದೊಂದು ತುಂಡೂ 75 ಅಕ್ಷರಗಳನ್ನು ಮೀರಕೂಡದು.

ತೊಡಕು ಇರುವುದು ಇಲ್ಲಿಯೇ. ‘ಬಾಣಾವರ ಅರಸೀಕೆರೆ’ ಎಂಬುದು ಒಂದು ತುಂಡಿನಲ್ಲಿ ಹೇಗೋ ಅಡಗೀತು. ‘ತಾಲ್ಲೂಕು’ ಎಂದು ಸೇರಿಸಿದೊಡನೆ ಎರಡು ತುಂಡುಗಳು ಅನಿವಾರ್ಯ. ಸಂಕೇತದ ನಡುವೆ ಕತ್ತರಿಸಬಾರದೆಂಬ ವಿಧಿಯಿದ್ದರೂ ಅದನ್ನು ಪಾಲಿಸದ ಕಳುಹುವ ತಂತ್ರಾಂಶಗಳುಂಟು. ಅಂಥ ತುಂಡುಗಳನ್ನು ಬೇರೆಬೇರೆಯಾಗಿ ಬಿಡಿಸಿದರೆ ಕನ್ನಡದ ಬದಲು ಪ್ರಶ್ನಾರ್ಥಕಗಳು ಕಾಣುತ್ತವೆ. ಇಂಗ್ಲಿಷ್ ಓಲೆಯಿಂದ ಪರೀಕ್ಷಿಸಿದವನಿಗೆ ಈ ದೋಷವು ಎಂದಿಗೂ ಗೋಚರಿಸುವುದಿಲ್ಲ.

ಆದುದರಿಂದ ಸಿ ಭಾಷೆಯಲ್ಲಿ ಲೈಬ್ರರಿಯನ್ನು ಅರಸುವವರು ಮೊದಲು ತಮ್ಮ ಕಾರ್ಯವಾವುದೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಓಲೆಯನ್ನು ಸಾಗಿಸುವುದು ಒಂದು, ಒಡೆದು ಓದುವುದು ಮತ್ತೊಂದು. ಲಿಬ್‌ಕರ್ಲ್ ಎಸ್‌ಎಮ್‌ಟಿಪಿ, ಐಮ್ಯಾಪ್‌ಗಳ ಮೂಲಕ ಸಾಗಿಸಬಲ್ಲುದು. ಬಂದ ಓಲೆಯ ಅಂಗಗಳನ್ನು ವಿಂಗಡಿಸಲಾರದು. ಲಿಬ್‌ಎಟ್‌ಪ್ಯಾನ್ ಎರಡನ್ನೂ ಮಾಡುತ್ತದೆ. ಐಮ್ಯಾಪಿನ ಜನಕನಾದ ಮಾರ್ಕ್ ಕ್ರಿಸ್ಪಿನ್ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಬರೆದ ಸಿ-ಕ್ಲೈಂಟ್ ಬಹುಕಾಲ ಪಿಎಚ್‌ಪಿ ಭಾಷೆಗೂ ಆಧಾರವಾಗಿತ್ತು. 2024ರಲ್ಲಿ ಬಂದ ಪಿಎಚ್‌ಪಿ 8.4 ಅದನ್ನು ಅವಲಂಬಿಸಿದ ಭಾಗವನ್ನು ಹೊರಗಿಟ್ಟಿತು. ಹೊಸದಾಗಿ ತೊಡಗುವವರು ಅದನ್ನು ಹಿಡಿಯದಿರುವುದೇ ಲೇಸು.

ಒಡೆದು ಓದುವ ಕೆಲಸಕ್ಕೆ ಜಿಮೈಮ್ ಶ್ರೇಷ್ಠವೆನ್ನಬಹುದು. ಒಂದೇ ಸಂಕೇತಕ್ರಮದ ನೆರೆಯ ತುಂಡುಗಳನ್ನು ಅದು ಮೊದಲು ಜೋಡಿಸಿ ಬಳಿಕ ಲಿಪಿಗೆ ತಿರುಗಿಸುವುದರಿಂದ, ನಡುವೆ ಕಡಿದ ಕನ್ನಡವೂ ಕೂಡಿಕೊಳ್ಳುತ್ತದೆ. ನಾಟ್‌ಮಚ್ ಎಂಬ ಓಲೆ ಹುಡುಕುವ ತಂತ್ರಾಂಶವು ಇದನ್ನೇ ನೆಚ್ಚಿದೆ. ಜಿಲಿಬ್ ಎಂಬ ಮತ್ತೊಂದು ಲೈಬ್ರರಿಯನ್ನು ಜೊತೆಗೆ ಕರೆತರಬೇಕಾಗುವುದೊಂದು ಹೊರೆ; ಅದು ಸಹ್ಯವಾದುದೇ.

ಲೈಬ್ರರಿಯು ನಿರ್ದುಷ್ಟವಾಗಿದ್ದರೂ ಅದನ್ನು ಬಳಸುವವನ ಕೈತಪ್ಪು ಉಳಿಯುತ್ತದೆ. ಸಿ ಭಾಷೆಯ ಪದಸರಣಿಗಳು ಎಣಿಸುವುದು ಬೈಟುಗಳನ್ನೇ ಹೊರತು ಅಕ್ಷರಗಳನ್ನಲ್ಲ. ಊರಿನ ಹೆಸರಿಗೆ 16 ಬೈಟುಗಳು ಸಾಕೆಂದು ಸ್ಥಳವಿಟ್ಟು, ಕೊನೆಯ ಶೂನ್ಯಕ್ಕೆ ಒಂದನ್ನು ಮೀಸಲಿಟ್ಟು ಉಳಿದುದನ್ನು ಕತ್ತರಿಸಿದರೆ, 15 ಬೈಟುಗಳಲ್ಲಿ ‘ಬಾಣಾವ’ ಎಂದಷ್ಟೇ ನಿಲ್ಲುತ್ತದೆ. ಪ್ರಶ್ನಾರ್ಥಕವೊಂದೂ ತೋರದ ಕಾರಣ, ಆ ಊರನ್ನು ಬಲ್ಲವರ ಹೊರತು ಇನ್ನಾರೂ ಈ ತಪ್ಪನ್ನು ಹಿಡಿಯಲಾರರು.