ಒಂದು ಮರದ ಲೆಕ್ಕ

ವನಭೋಜನಕ್ಕೆಂದು ಹೋದವರು ಲೆಕ್ಕ ಕಲಿತು ಬಂದೆವೆಂದರೆ ಸದಸ್ಯರು ನಗಬಹುದು. ಆದರೆ ನಡೆದದ್ದು ಹಾಗೆಯೇ. ಕಳೆದ ಬೇಸಿಗೆಯ ಒಂದು ಭಾನುವಾರ ನಾವು ನಾಲ್ಕು ಕುಟುಂಬದವರು ಚಿತ್ರಾನ್ನ, ಮೊಸರನ್ನ, ಕೋಡುಬಳೆ ಕಟ್ಟಿಕೊಂಡು ಬಾನ್ ನಗರದ ಪಕ್ಕದ ಕೊಟ್ಟನ್‌ಫೋರ್ಸ್ಟ್ ಕಾಡಿಗೆ ಹೋಗಿದ್ದೆವು. ಊಟವಾದ ಮೇಲೆ ನಮ್ಮ ಹುಡುಗಿಯೊಬ್ಬಳು ಕೇಳಿದಳು: "ನಾವು ಪ್ರತಿವರ್ಷ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇವಲ್ಲ, ಆ ಹೊಗೆ ಕುಡಿಯಲು ಎಷ್ಟು ಮರ ಬೇಕು?" ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡೆವು. ಮನೆಗೆ ಬಂದು ಪುಸ್ತಕ ತಿರುವಿ, ಮುಂದಿನ ಭಾನುವಾರ ಅಳತೆಯ ಟೇಪಿನೊಡನೆ ಮತ್ತೆ ಹೋದೆವು.

ಇಲ್ಲಿನವರು ಬೂಖೆ ಎನ್ನುವ ಒಂದು ಬೀಚ್ ಮರವನ್ನು ಆರಿಸಿಕೊಂಡೆವು. ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಮೇಲೆ, ಎಂದರೆ ಎದೆಯ ಮಟ್ಟದಲ್ಲಿ, ತೆಗೆಯಬೇಕು. 157 ಸೆಂಟಿಮೀಟರ್ ಬಂತು. ಅಂದರೆ ಅಡ್ಡಗಲ 50. ಎತ್ತರಕ್ಕೆ ಏಣಿ ಬೇಡ. ತೋಳಿನಷ್ಟೇ ಉದ್ದದ ಕೋಲನ್ನು ಚಾಚಿದ ಕೈಯಲ್ಲಿ ನೆಟ್ಟಗೆ ಹಿಡಿದು, ಮರದ ಬುಡ ತುದಿಗಳೆರಡೂ ಕೋಲಿನ ಬುಡ ತುದಿಗಳಿಗೆ ಸರಿಹೊಂದುವವರೆಗೆ ಹಿಂದೆ ಸರಿಯಬೇಕು. ಅಲ್ಲಿಂದ ಮರಕ್ಕಿರುವ ದೂರವೇ ಮರದ ಎತ್ತರ. ನಮ್ಮ ಮರ 30 ಮೀಟರ್.

ಕಾಂಡ ಕಂಬದಂತಿದ್ದರೆ ಸುಮಾರು 6 ಘನ ಮೀಟರ್ ಆಗುತ್ತಿತ್ತು. ಮೇಲೆ ಹೋದಂತೆ ಸಣ್ಣದಾಗುವುದರಿಂದ ಅದರಲ್ಲಿ ಅರ್ಧ ಹಿಡಿಯುತ್ತಾರೆ: 3 ಘನ ಮೀಟರ್ ಮರಮುಟ್ಟು. ತೇವ ಕಳೆದರೆ ಅದರ ತೂಕ ಒಂದೂವರೆ ಟನ್ನಿಗೆ ತುಸು ಹೆಚ್ಚು. ಅದರಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಕಿಲೋ ಇಂಗಾಲವೆಂದರೆ ಗಾಳಿಯಿಂದ ಎಳೆದುಕೊಂಡ 3.67 ಕಿಲೋ ಇಂಗಾಲದ ಡೈಆಕ್ಸೈಡ್. ಹೀಗೆ ಕಾಂಡಕ್ಕೆ 3 ಟನ್, ಕೊಂಬೆ ಬೇರು ಸೇರಿ ಸುಮಾರು 4 ಟನ್.

ವಿಮಾನದಲ್ಲಿ ಬೆಂಗಳೂರಿಗೆ ಹೋಗಿ ಬಂದರೆ ಒಬ್ಬೊಬ್ಬರ ಪಾಲಿಗೆ ಒಂದು ಟನ್ನಿಗೆ ಕಡಿಮೆಯಿಲ್ಲ. ನಾಲ್ಕು ಜನರ ಸಂಸಾರ ಒಂದು ಸಲ ಊರಿಗೆ ಹೋಗಿ ಬಂದರೆ, ಆ ಮರ ಹತ್ತಿರ ಹತ್ತಿರ ನೂರು ವರ್ಷ ಕೂಡಿಟ್ಟ ಗಂಟು ಕರಗಿತು. ಲೆಕ್ಕ ಮುಗಿದಾಗ ಯಾರೂ ಕೋಡುಬಳೆಗೆ ಕೈ ಹಾಕಲಿಲ್ಲ.

ಮರವೇನೋ ಒಂದಾಯಿತು, ಇಡೀ ಕಾಡನ್ನು ಅಳೆಯುವುದು ಹೇಗೆ? ಆಸ್ಟ್ರಿಯಾದ ಅರಣ್ಯಾಧಿಕಾರಿ ವಾಲ್ಟರ್ ಬಿಟ್ಟರ್ಲಿಖ್ 1940ರ ದಶಕದ ಕೊನೆಯಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಹೇಳಿದರು. 2 ಸೆಂಟಿಮೀಟರ್ ಅಗಲದ ರಟ್ಟನ್ನು ಕಣ್ಣಿನಿಂದ 50 ಸೆಂಟಿಮೀಟರ್ ದೂರ ಹಿಡಿದು, ನಿಂತಲ್ಲೇ ಒಂದು ಸುತ್ತು ತಿರುಗಿ. ಎದೆಮಟ್ಟದಲ್ಲಿ ರಟ್ಟಿಗಿಂತ ಅಗಲ ಕಾಣುವ ಕಾಂಡಗಳನ್ನು ಮಾತ್ರ ಎಣಿಸಿ. ಎಣಿಕೆಯನ್ನು 4ರಿಂದ ಗುಣಿಸಿದರೆ ಒಂದು ಹೆಕ್ಟೇರಿನ ಕಾಂಡಗಳ ಒಟ್ಟು ಅಡ್ಡಕೊಯ್ತ, ಚದರ ಮೀಟರಿನಲ್ಲಿ. ನಮ್ಮ ಮಕ್ಕಳು 8 ಎಣಿಸಿದರು, 32 ಆಯಿತು. ಸರಾಸರಿ ಎತ್ತರ 28, ಅದರಲ್ಲಿ ಅರ್ಧದಿಂದ ಗುಣಿಸಿದರೆ ಹೆಕ್ಟೇರಿಗೆ ಸುಮಾರು 450 ಘನ ಮೀಟರ್. ಒಂದೇ ಕಡೆ ಎಣಿಸಿ ಕಾಡಿನ ಲೆಕ್ಕ ಹೇಳುವುದು ಒಂದು ಅಗುಳಿನಿಂದ ಅನ್ನ ಬೆಂದಿದೆಯೆಂದು ಹೇಳಿದಂತಲ್ಲ. ಹಲವು ಕಡೆ ಎಣಿಸಲೇಬೇಕು.

ಜರ್ಮನಿಯ ರಾಷ್ಟ್ರೀಯ ಅರಣ್ಯ ಗಣತಿಯಲ್ಲೂ ಮರಗಳನ್ನು ಆರಿಸುವುದು ಇದೇ ಉಪಾಯದಿಂದ. ಕನಿಷ್ಠ 4 ಕಿಲೋಮೀಟರಿಗೊಂದರಂತೆ ಗೊತ್ತುಮಾಡಿದ ಜಾಗಗಳಿಗೆ ಹೋಗುತ್ತಾರೆ. ಗುರುತಿನ ಕಬ್ಬಿಣವನ್ನು ಮಣ್ಣಿನೊಳಗೆ ಹುಗಿದಿರುತ್ತಾರೆ. ಕಣ್ಣಿಗೆ ಬಿದ್ದರೆ ಅಲ್ಲಿನ ಮರಗಳಿಗೆ ಮಾತ್ರ ವಿಶೇಷ ಉಪಚಾರ ನಡೆದೀತೆಂಬ ಎಚ್ಚರ! 2022ರ ಗಣತಿಯಲ್ಲಿ ಹೆಕ್ಟೇರಿಗೆ ಸರಾಸರಿ 358 ಘನ ಮೀಟರ್ ಸಿಕ್ಕಿತು. ಆದರೆ 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕಹಿ ಸುದ್ದಿಯೂ ಇತ್ತು. 2018ರಿಂದ ಬಂದ ಒಣ ಬೇಸಿಗೆಗಳು, ತೊಗಟೆ ಕೊರೆಯುವ ಹುಳು ಸೇರಿ ಫಿಖ್ಟೆ ಮರಗಳನ್ನು ಸಾಲುಸಾಲಾಗಿ ಕೊಂದವು. 2017ರಿಂದೀಚೆಗೆ ಇಲ್ಲಿನ ಕಾಡುಗಳ ಇಂಗಾಲದ ಗಂಟಿನಲ್ಲಿ 4.15 ಕೋಟಿ ಟನ್ ಕಡಿಮೆಯಾಯಿತು. ಕೂಡಿಡುತ್ತಿದ್ದ ಕಾಡೇ ಕೈಯಿಂದ ಖರ್ಚು ಮಾಡತೊಡಗಿತು. ಎಣಿಸದೇ ಇದ್ದಿದ್ದರೆ, ಹಸಿರು ಕಂಡು ಎಲ್ಲ ಸರಿಯಿದೆಯೆಂದೇ ನಾವು ನಂಬಿರುತ್ತಿದ್ದೆವು.

ಈ ಬಾನ್ ನಗರಕ್ಕೂ ನಮ್ಮ ನಾಡಿಗೂ ಎಣಿಕೆಯದೇ ಒಂದು ನಂಟಿದೆ. ಇಲ್ಲಿ 1824ರಲ್ಲಿ ಹುಟ್ಟಿದ ಡೀಟ್ರಿಖ್ ಬ್ರಾಂಡಿಸ್ 1856ರಲ್ಲಿ ಬರ್ಮಾಕ್ಕೆ ಹೋಗಿ, ಆನೆಯ ಮೇಲೆ ಕುಳಿತು ಸಾಗುವಾಗ ಕಂಡ ತೇಗದ ಮರಗಳಿಗೆ ಕೋಲಿನ ಮೇಲೆ ಕಚ್ಚು ಹಾಕಿ ಲೆಕ್ಕವಿಟ್ಟರು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾಧಿಕಾರಿಯಾದರು.

ಹುಡುಗಿಗೆ ಉತ್ತರ ಹೇಳಿದೆವು: "ಸಂಸಾರಕ್ಕೆ, ವರ್ಷಕ್ಕೆ, ಒಂದು ದೊಡ್ಡ ಮರ." ಅವಳು ಕಾಡನ್ನೊಮ್ಮೆ ನೋಡಿ, "ಅಜ್ಜಿ ಮನೆಗೆ ಹೋಗುವುದು ಬೇಡವೇ?" ಎಂದಳು. ಅಜ್ಜಿ ಕಾಯುತ್ತಿರುವಾಗ ಬೇಡವೆನ್ನುವುದು ಹೇಗೆ? ನಮ್ಮಲ್ಲಿ ಎರಡು ಮನೆಯವರು ಎರಡು ವರ್ಷಕ್ಕೊಮ್ಮೆ ಹೋಗಿ ಹೆಚ್ಚು ದಿನ ಇದ್ದು ಬರುವುದೆಂದು ಮಾತಾಡಿಕೊಂಡಿದ್ದಾರೆ. ಉಳಿದವರು ಇನ್ನೂ ಯೋಚಿಸುತ್ತಿದ್ದೇವೆ. ಮುಂದಿನ ವನಭೋಜನಕ್ಕೆ ಬರುವವರು ಮಕ್ಕಳ ಕೈಗೆ 2 ಸೆಂಟಿಮೀಟರ್ ರಟ್ಟು, 50 ಸೆಂಟಿಮೀಟರ್ ದಾರ ಕೊಟ್ಟು ಕರೆತನ್ನಿ. ಒಟ್ಟಿಗೆ ಎಣಿಸೋಣ.