ಉಳುವವರ ಹೆಸರು ದಫ್ತರಕ್ಕೆ ಬರುವ ದಾರಿ

ನಮ್ಮ ದೇಶದಲ್ಲಿ ಬೇಸಾಯಗಾರನಾದವನು ತಾನು ಬೇಸಾಯಗಾರನೆಂಬುದನ್ನು ವರ್ಷಕ್ಕೆ ಹಲವು ಸಲ ಸಾಧಿಸಿ ತೋರಿಸಬೇಕಾಗುತ್ತದೆ. ಮುಂಗಾರಿಗೆ ರಿಯಾಯಿತಿಯ ಬಿತ್ತನೆ ಬೀಜ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ, ಬೆಳೆಸಾಲಕ್ಕೆ ಸಹಕಾರ ಸಂಘದಲ್ಲಿ, ವಿಮೆಗೆ ಬ್ಯಾಂಕಿನ ಕಿಟಕಿಯಲ್ಲಿ, ಬೆಂಬಲ ಬೆಲೆಗೆ ರಾಗಿ ಮಾರಬೇಕಾದರೆ ಖರೀದಿ ಕೇಂದ್ರದಲ್ಲಿ, ಪಹಣಿ, ಆಧಾರ್, ಪಾಸ್‌ಬುಕ್ಕುಗಳ ಪ್ರತಿಗಳ ಕಟ್ಟನ್ನು ಹಿಡಿದು ಆತನು ಸರದಿಯಲ್ಲಿ ನಿಲ್ಲುತ್ತ ಬಂದಿದ್ದಾನೆ. ಪ್ರತಿಯೊಂದು ಕಚೇರಿಯೂ ಆ ಕಾಗದಗಳಲ್ಲಿದ್ದುದನ್ನು ತನ್ನ ಪುಸ್ತಕಕ್ಕೆ ಬರೆದುಕೊಳ್ಳುತ್ತದೆ. ಆದರೆ ಒಂದರ ಪುಸ್ತಕದಲ್ಲಿರುವುದು ಇನ್ನೊಂದಕ್ಕೆ ತಿಳಿಯದು. ಒಂದೆಡೆ 2 ಎಕರೆ ಎಂದಿದ್ದುದು ಮತ್ತೊಂದೆಡೆ 1 ಎಕರೆ 30 ಗುಂಟೆಯಾಗಿರುತ್ತದೆ. ಒಂದೆಡೆ ಪೂರ್ಣವಾಗಿ ಬರೆದಿರುವ ತಂದೆಯ ಹೆಸರು ಮತ್ತೊಂದೆಡೆ ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಈ ವ್ಯತ್ಯಾಸಗಳನ್ನು ಸರಿಪಡಿಸಿಕೊಂಡು ಬರುವ ಭಾರವು ಕಚೇರಿಗಳದಾಗದೆ, ಕೆಲಸದ ದಿನವನ್ನು ಕಳೆದುಕೊಂಡು ತಾಲ್ಲೂಕು ಕೇಂದ್ರಕ್ಕೆ ಬಂದವನದೇ ಆಗುತ್ತದೆ.

ಈ ಕ್ಲೇಶವನ್ನು ನಿವಾರಿಸುವ ಉದ್ದೇಶದಿಂದ ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ 2,817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಮಿಷನ್ನಿಗೆ ಅನುಮೋದನೆಯಿತ್ತಿತು. ಅದರ ಒಂದು ಮುಖ್ಯ ಅಂಗವಾದ ಅಗ್ರಿಸ್ಟ್ಯಾಕ್ ಎಂಬ ವ್ಯವಸ್ಥೆಯು ಮೂರು ಮೂಲ ದಫ್ತರಗಳ ಮೇಲೆ ನಿಂತಿದೆ: ರೈತರ ನೋಂದಣಿ, ಅಕ್ಷಾಂಶ ರೇಖಾಂಶಗಳಿಗೆ ಹೊಂದಿಸಿದ ಗ್ರಾಮನಕ್ಷೆ, ಆಯಾ ಹಂಗಾಮಿನಲ್ಲಿ ಬಿತ್ತಿದ ಬೆಳೆಯ ದಾಖಲೆ. ಮೂರು ವರ್ಷಗಳಲ್ಲಿ 11 ಕೋಟಿ ರೈತರಿಗೆ ಒಂದೊಂದು ಗುರುತಿನ ಸಂಖ್ಯೆಯನ್ನು ಕೊಡತಕ್ಕದ್ದೆಂಬುದು ಆಗ ಇಟ್ಟುಕೊಂಡ ಗುರಿ. ಯು.ಪಿ.ಐ. ಮೂಲಕ ಯಾವ ಬ್ಯಾಂಕಿನ ಗ್ರಾಹಕನೇ ಆಗಲಿ, ಯಾವ ಆ್ಯಪನ್ನೇ ಬಳಸಲಿ, ಹಣವು ಒಬ್ಬನಿಂದ ಇನ್ನೊಬ್ಬನಿಗೆ ತಡೆಯಿಲ್ಲದೆ ಸಾಗುವಂತಾದುದನ್ನು ಕಂಡವರು, ಅದೇ ತತ್ತ್ವವನ್ನು ಬೇಸಾಯದ ಮಾಹಿತಿಗೂ ಅನ್ವಯಿಸಬಾರದೇಕೆ ಎಂದು ಆಲೋಚಿಸಿದುದರ ಫಲ ಇದು. ಭಾರತವು ಜಿ-20 ರಾಷ್ಟ್ರಗಳ ಅಧ್ಯಕ್ಷತೆ ವಹಿಸಿದ್ದ 2023ರಲ್ಲಿ, ಆಗಸ್ಟ್ ತಿಂಗಳ ಬೆಂಗಳೂರಿನ ಸಚಿವರ ಸಭೆಯಲ್ಲಿ, ಡಿಜಿಟಲ್ ಸಾರ್ವಜನಿಕ ಮೂಲಸೌಕರ್ಯವೆಂಬ ಈ ವಿಚಾರಕ್ಕೆ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಒಮ್ಮೆ ಕಟ್ಟಿದುದನ್ನು ಎಲ್ಲರೂ ಬಳಸುವಂತಿರಬೇಕು, ನಿಯಮಗಳು ಬಹಿರಂಗವಾಗಿರಬೇಕು, ಅಗತ್ಯಕ್ಕಿಂತ ಹೆಚ್ಚು ಕೇಳಬಾರದು, ಕೇಳುವುದಾದರೆ ಒಪ್ಪಿಗೆ ಪಡೆದು ಕೇಳಬೇಕು, ದೂರಿಗೆ ಕಿವಿಗೊಡಬೇಕು, ಯಾರನ್ನೂ ಹೊರಗಿಡಬಾರದು. ಇವು ಅದರ ಸಾರ.

ಇವುಗಳಲ್ಲಿ ಮೊದಲನೆಯದು ಹೊರನೋಟಕ್ಕೆ ಅತ್ಯಂತ ಶುಷ್ಕವಾಗಿ ಕಾಣುವ ಸಮಾನ ಮಾನಕಗಳ ವಿಷಯ. ಒಂದು ಸೀಮೆಯ ಖಂಡುಗ ಇನ್ನೊಂದು ಸೀಮೆಯ ಖಂಡುಗಕ್ಕೆ ಸಮನಾಗಿರದಿದ್ದ ಕಾಲದಲ್ಲಿ ಸಂತೆಯ ವ್ಯಾಪಾರವು ಎಷ್ಟು ವಿವಾದಕ್ಕೆ ಎಡೆಗೊಡುತ್ತಿತ್ತೋ, ಇಲಾಖೆಗೊಂದು ಬಗೆಯಲ್ಲಿ ಬೆಳೆಯ ಹೆಸರು, ಹೊಲದ ಸಂಖ್ಯೆ, ಅಳತೆಗಳನ್ನು ಬರೆಯುವ ಗಣಕಗಳ ನಡುವಣ ವ್ಯವಹಾರವೂ ಅಷ್ಟೇ ವಿವಾದಾಸ್ಪದವಾಗುತ್ತದೆ. ಅಳತೆ ಒಂದಾದ ಮೇಲೆ ಅಂಗಡಿಗಳು ಎಷ್ಟಿದ್ದರೂ ಬಾಧಕವಿಲ್ಲ.

ಕರ್ನಾಟಕಕ್ಕೆ ಈ ಮಾರ್ಗ ಹೊಸತಲ್ಲವೆಂಬುದನ್ನು ಅಭಿಮಾನದಿಂದ ಹೇಳಬಹುದು. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಗದಿತ ಶುಲ್ಕಕ್ಕೆ, ಯಾರ ಮರ್ಜಿಯನ್ನೂ ಕಾಯದೆ, ಪಹಣಿ ದೊರೆಯುವಂತಾದುದು ಅಂದಿನ ಮಟ್ಟಿಗೆ ಕ್ರಾಂತಿಯೇ ಸರಿ. ಆ ಯೋಜನೆಯನ್ನು ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ ಅವರೇ ಮುಂದೆ ಅಗ್ರಿಸ್ಟ್ಯಾಕಿನ ಹೊಣೆಯನ್ನೂ ಹೊತ್ತರು. ‘ಭೂಮಿ’ಯ ಮೇಲೆ ಕಟ್ಟಿದ ‘ಫ್ರೂಟ್ಸ್’ ತಂತ್ರಾಂಶವು ರೈತನಿಗೆ ಎಫ್.ಐ.ಡಿ. ಎಂಬ ಸಂಖ್ಯೆಯನ್ನು ಕೊಟ್ಟು, ಆತನ ಸರ್ವೆ ನಂಬರುಗಳನ್ನೂ ಬ್ಯಾಂಕ್ ಖಾತೆಯನ್ನೂ ಅದಕ್ಕೆ ಜೋಡಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ ಇದರ ಬೆಲೆ ತಿಳಿದುಬಂದಿತು. ಪರಿಹಾರದ ಮೊದಲ ಕಂತಾಗಿ 2,000 ರೂಪಾಯಿಗಳವರೆಗಿನ ಮೊತ್ತವು ಈ ದಫ್ತರದ ಆಧಾರದಿಂದಲೇ ನೇರವಾಗಿ ಖಾತೆಗಳಿಗೆ ಸಂದಿತು. ಅದೇ ಸಮಯದಲ್ಲಿ ಅದರ ಕೊರತೆಯೂ ಕಂಡಿತು. ಎಫ್.ಐ.ಡಿ.ಗೆ ಜೋಡಣೆಯಾಗದೆ ಉಳಿದ ಹೊಲವು, ಪೈರು ಒಣಗಿ ನಿಂತಿದ್ದರೂ, ಗಣಕದ ಲೆಕ್ಕಕ್ಕೆ ಸೇರಲಿಲ್ಲ.

ಸಂವಿಧಾನದ ಪ್ರಕಾರ ಕೃಷಿಯು ರಾಜ್ಯಗಳ ವಿಷಯವಾದುದರಿಂದ, ದೇಶಕ್ಕೆಲ್ಲ ಒಂದೇ ಮಹಾಭಂಡಾರವನ್ನು ದೆಹಲಿಯಲ್ಲಿ ಕಟ್ಟುವ ಬದಲು ಆಯಾ ರಾಜ್ಯದ ದಫ್ತರವನ್ನು ಆಯಾ ರಾಜ್ಯವೇ ಇರಿಸಿಕೊಂಡು, ಸಮಾನ ನಿಯಮಗಳ ಮೂಲಕ ಪ್ರಶ್ನೆಗೆ ಉತ್ತರಿಸುವ ಏರ್ಪಾಡನ್ನು ಅಗ್ರಿಸ್ಟ್ಯಾಕ್ ಅಂಗೀಕರಿಸಿದೆ. ಇದು ವಿವೇಕದ ಆಯ್ಕೆ. ಆದರೆ ಉತ್ತರ ಪಡೆಯುವವರು ಯಾರು ಎಂಬುದೇ ಜನರನ್ನು ಕಾಡಿದ ಪ್ರಶ್ನೆ. 2021ರಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕೆಲವು ಖಾಸಗಿ ಕಂಪನಿಗಳೊಡನೆ ಒಡಂಬಡಿಕೆ ಮಾಡಿಕೊಂಡಾಗ, ರೈತರನ್ನು ಕೇಳದೆ ರೈತರ ಮಾಹಿತಿಯ ವಿಷಯದಲ್ಲಿ ತೀರ್ಮಾನ ಕೈಗೊಳ್ಳಬಾರದೆಂದು ರೈತ ಸಂಘಟನೆಗಳೂ ಹಕ್ಕುಪರ ಸಂಸ್ಥೆಗಳೂ ಆಕ್ಷೇಪಿಸಿದುವು. ಆ ಆಕ್ಷೇಪವು ನ್ಯಾಯವಾದುದೆಂದೇ ನನ್ನ ಭಾವನೆ. ಯಾರ ಹೊಲ ಎಷ್ಟು, ಸಾಲ ಎಷ್ಟು, ಯಾವ ವರ್ಷ ಬೆಳೆ ಕೈಕೊಟ್ಟಿತು ಎಂಬುದನ್ನು ಬಲ್ಲ ವರ್ತಕನಿಗೆ, ಮಾರುವವನು ಯಾವ ಬೆಲೆಗೆ ಬಗ್ಗುವನೆಂಬುದೂ ಗೊತ್ತಾಗಿಬಿಡುತ್ತದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 2023ರಲ್ಲಿ ಬಂದಿದೆ, ನಿಜ. ಆದರೂ ಸಾಲದ ಅವಸರದಲ್ಲಿರುವವನು ಕಿಟಕಿಯ ಬಳಿ ಹೆಬ್ಬೆಟ್ಟೊತ್ತಿದ ಮಾತ್ರಕ್ಕೆ ಅದು ಒಪ್ಪಿಗೆಯಾಗದು. ಯಾವುದಕ್ಕೆ, ಯಾರಿಗೆ, ಎಷ್ಟು ಕಾಲಕ್ಕೆ ಎಂಬುದನ್ನು ಕನ್ನಡದಲ್ಲಿ ಓದಿ ಹೇಳಿ, ಬೇಡವೆಂದರೂ ಸಾಲವು ತಪ್ಪದೆಂಬ ಭರವಸೆಯನ್ನು ಕೊಟ್ಟಲ್ಲಿ ಮಾತ್ರ ಒಪ್ಪಿಗೆಯೆಂಬುದಕ್ಕೆ ಅರ್ಥವುಂಟು.

ಇನ್ನು ಬೆಳೆಯ ದಾಖಲೆ. ಕರ್ನಾಟಕದ ಬೆಳೆ ಸಮೀಕ್ಷೆಯ ಆ್ಯಪನ್ನು ಹಿಡಿದವನು ಹೊಲದೊಳಗೇ ನಿಂತು, ಸರ್ವೆ ನಂಬರು ಹಿಸ್ಸಾಗಳನ್ನು ಆರಿಸಿ, ಬೆಳೆಯ ಹೆಸರು, ವಿಸ್ತೀರ್ಣ, ಖುಷ್ಕಿಯೋ ನೀರಾವರಿಯೋ ಎಂಬುದನ್ನು ತುಂಬಿ, ಚಿತ್ರ ತೆಗೆದು ಕಳುಹಿಸಬೇಕು. 2020ರಿಂದ ರೈತನೇ ತನ್ನ ಹೊಲದ ಸಮೀಕ್ಷೆ ಮಾಡಿಕೊಳ್ಳಲು ಅವಕಾಶವಾಯಿತು. ಈಗ ಹಳೆಯ ಮೈಸೂರಿನ ಒಂದು ರಾಗಿ ಹೊಲವನ್ನು ನೋಡೋಣ. ಹತ್ತಾರು ಸಾಲು ರಾಗಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬದುವಿನ ಅಂಚಿನಲ್ಲಿ ಹರಳು. ರಾಗಿ ಕೊಯ್ಲಾದ ಮೇಲೆಯೂ ಅವರೆ ಹೂಬಿಡುತ್ತಿರುತ್ತದೆ. ಒಂದು ಹೊಲಕ್ಕೆ ಒಂದೇ ಹೆಸರನ್ನು ಬಯಸುವ ನಮೂನೆಯಲ್ಲಿ ಈ ಸಂಪತ್ತಿಗೆ ಎಡೆಯಿಲ್ಲ. ಚಿತ್ರವು ಯಾವ ತಿಂಗಳಲ್ಲಿ ತೆಗೆದುದೋ ಅದರಂತೆ ಹೊಲದ ಬೆಳೆಯೇ ಬೇರೆಯಾಗಿ ತೋರಿದರೆ, ವಿಮೆಯ ಅರ್ಜಿಯಲ್ಲಿ ಬರೆದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದೆ ಪರಿಹಾರವು ತಪ್ಪಿಹೋಗುತ್ತದೆ. ‘ಬೆಳೆ ದರ್ಶಕ್’ ಆ್ಯಪಿನಲ್ಲಿ ದಾಖಲೆಯನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ಅವಕಾಶವಿರುವುದು ಆದುದರಿಂದ ಬಹಳ ದೊಡ್ಡ ಮಾತು. ದೇಶವ್ಯಾಪಿ ವ್ಯವಸ್ಥೆಯಲ್ಲಿಯೂ ಮಿಶ್ರಬೆಳೆಗೆ ಸ್ಥಾನವನ್ನೂ, ಊರಿನಲ್ಲಿಯೇ ತಿದ್ದುಪಡಿಗೆ ದಾರಿಯನ್ನೂ ಮೊದಲು ಕಲ್ಪಿಸಿ ಅನಂತರ ಮಿಕ್ಕುದನ್ನು ಕಟ್ಟತಕ್ಕದ್ದು.

ಇವೆಲ್ಲಕ್ಕಿಂತ ಗಹನವಾದುದು ರೈತನೆಂದರೆ ಯಾರು ಎಂಬ ಪ್ರಶ್ನೆ. ಈ ಮಹಾವ್ಯವಸ್ಥೆಯ ಅಡಿಗಲ್ಲು ಪಹಣಿ. ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ಹೆಸರುಳ್ಳವನಿಗೆ ಗುರುತಿನ ಸಂಖ್ಯೆ ಸುಲಭವಾಗಿ ದೊರೆಯುತ್ತದೆ. ಆದರೆ ಹೊಲವನ್ನು ನಿಜವಾಗಿ ಉಳುತ್ತಿರುವವರು ಅನೇಕ ವೇಳೆ ಆ ಕಾಲಮ್ಮಿನಲ್ಲಿರುವುದಿಲ್ಲ. ತಾತ ತೀರಿಹೋಗಿ ಬಹುಕಾಲವಾದರೂ ಪೌತಿ ಖಾತೆಯಾಗದೆ ಹೊಲವು ಆತನ ಹೆಸರಿನಲ್ಲೇ ಉಳಿದಿರುತ್ತದೆ. ನಾಟಿ, ಕಳೆ, ಕೊಯ್ಲು, ದನಕರುಗಳ ಆರೈಕೆಯನ್ನೆಲ್ಲ ನಡೆಸುವ ಹೆಂಗಸಿನ ಹೆಸರು ಪಡಿತರ ಚೀಟಿಯಲ್ಲಿರುತ್ತದೆ, ಪಹಣಿಯಲ್ಲಿರುವುದಿಲ್ಲ. ಗೇಣಿಗೆ, ವಾರಕ್ಕೆ, ಪಾಲಿಗೆ ಮಾಡುವವರ ಪಾಡಂತೂ ಹೇಳತೀರದು. 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯು ಅಂದಿನ ಗೇಣಿದಾರರನ್ನು ಹೊಲದೊಡೆಯರನ್ನಾಗಿ ಮಾಡಿದುದು ಕರ್ನಾಟಕದ ಇತಿಹಾಸದಲ್ಲಿ ಪುಣ್ಯಕಾರ್ಯವೇ ಆದರೂ, ಗೇಣಿಯನ್ನೇ ಅದು ನಿಷೇಧಿಸಿದ್ದರಿಂದ, ಇಂದು ನಡೆಯುವ ಗೇಣಿಯೆಲ್ಲ ಬಾಯಿಮಾತಿನದಾಗಿ ಉಳಿದಿದೆ. ಗೊಬ್ಬರಕ್ಕೆ ಸಾಲ ಮಾಡಿದವನು ಒಬ್ಬ. ಬೆಳೆ ಹಾಳಾದಾಗ ಪರಿಹಾರ ಬಂದು ಸೇರುವುದು ಮತ್ತೊಬ್ಬನ ಖಾತೆಗೆ. ಗಣಕೀಕರಣವು ಈ ಅನ್ಯಾಯವನ್ನು ಹುಟ್ಟಿಸಿದುದಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಊರಿನ ಲೆಕ್ಕಿಗನೋ ಸಂಘದ ಕಾರ್ಯದರ್ಶಿಯೋ ಕಣ್ಣಾರೆ ಕಂಡು ಮಾಡಬಹುದಾಗಿದ್ದ ಅಲ್ಪಸ್ವಲ್ಪ ರಿಯಾಯಿತಿಗೂ ಅದು ಅವಕಾಶವುಳಿಸುವುದಿಲ್ಲ.

ಬೇರೆ ರಾಜ್ಯಗಳು ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿವೆ. ಒಡಿಶಾದ ‘ಕಾಲಿಯಾ’ ಯೋಜನೆಯು ಪಾಲುಗಾರರನ್ನೂ ಭೂಹೀನ ಕೃಷಿ ಕುಟುಂಬಗಳನ್ನೂ ನೆರವಿನೊಳಗೆ ಸೇರಿಸಿತು. ಆಂಧ್ರಪ್ರದೇಶವು 2019ರಲ್ಲಿ ಬೆಳೆಗಾರರ ಹಕ್ಕಿನ ಕಾಯಿದೆಯೊಂದನ್ನು ತಂದು, ಭೂಮಿಯ ಒಡೆತನಕ್ಕೆ ಬಾಧಕವಾಗದಂತೆ 11 ತಿಂಗಳ ಅವಧಿಗೆ ಉಳುವವನಿಗೆ ಪತ್ರ ಕೊಡುವ ಏರ್ಪಾಡು ಮಾಡಿತು. ಆದರೆ ಅದಕ್ಕೆ ಒಡೆಯನ ಸಹಿ ಬೇಕಾಗಿತ್ತು, ಭೂಮಿ ಕೈಬಿಟ್ಟೀತೆಂಬ ಭಯದಿಂದ ಒಡೆಯರು ಸಹಿ ಹಾಕಲು ಹಿಂಜರಿದರು. ಈ ಅನುಭವದಿಂದ ಕಲಿಯತಕ್ಕುದು ಬಹಳವಿದೆ. ರೈತರ ನೋಂದಣಿಯಲ್ಲಿ ಒಡೆಯನ ನಮೂದೂ ಬೇಸಾಯಗಾರನ ನಮೂದೂ ಬೇರೆಬೇರೆಯಾಗಿರಲಿ. ಬೇಸಾಯಗಾರನ ನಮೂದು ಆಯಾ ಹಂಗಾಮಿಗೆ ಮಾತ್ರ ಸಲ್ಲಲಿ, ಅದರಿಂದ ಒಡೆತನದ ಹಕ್ಕು ಹುಟ್ಟದೆಂದು ಕಾನೂನೇ ಸ್ಪಷ್ಟವಾಗಿ ಹೇಳಲಿ. ಸಹಿಯ ಬದಲು ಗ್ರಾಮಸಭೆಯ ಮುಂದೆ ಓದಿದ ಪಟ್ಟಿ, ಸ್ವಸಹಾಯ ಸಂಘದ ಸಾಕ್ಷ್ಯ, ಬೆಳೆ ಸಮೀಕ್ಷೆಯಲ್ಲಿ ಹೊಲದಲ್ಲೇ ನಿಂತು ತೆಗೆದ ಚಿತ್ರ, ಇವುಗಳಲ್ಲಿ ಯಾವುದಾದರೂ ಎರಡು ಸಾಕಾಗಲಿ. ಪಹಣಿಯ ಹನ್ನೆರಡನೆಯ ಕಾಲಮ್ಮು ಸಾಗುವಳಿಯ ವಿವರಕ್ಕೆಂದೇ ಮೊದಲಿನಿಂದಲೂ ಇದೆ. ಪ್ರತಿ ಹಂಗಾಮಿನಲ್ಲಿಯೂ ಹೊಲಕ್ಕೆ ಹೋಗಿ ಸಮೀಕ್ಷೆ ಮಾಡುವವರು, ಏನು ಬೆಳೆದಿದೆ ಎಂಬುದರ ಜತೆಗೆ ಯಾರು ಬೆಳೆದರು ಎಂಬುದನ್ನೂ ಕೇಳಿ ಅಲ್ಲಿ ಬರೆಯುವಂತೆ ಬರುವ ಮುಂಗಾರಿನಿಂದಲೇ ಆಜ್ಞೆ ಹೊರಡಿಸಲು ಹೊಸ ತಂತ್ರಜ್ಞಾನವೇನೂ ಬೇಕಾಗಿಲ್ಲ.