ಪ್ರಯಾಣದ ಚೀಲವನ್ನು ತುಂಬುವ ಬಗೆ

ಚೀಲ ತುಂಬುವುದರಲ್ಲಿ ಶಾಸ್ತ್ರವೇನು ಬಂತು ಎಂದು ವಾಚಕರು ಕೇಳಬಹುದು. ಕೈಗೆ ಸಿಕ್ಕಿದ್ದನ್ನು ತುರುಕಿ, ಬಾಯಿ ಬಿಗಿದು ಹೊರಡುವುದೇ ಹಲವರ ವಾಡಿಕೆ. ಆದರೆ ಅಷ್ಟೇ ಸಾಮಾನು ಒಬ್ಬರ ಚೀಲದಲ್ಲಿ ಹಿಡಿಸದೆ ಹೊರಚೆಲ್ಲುತ್ತದೆ. ಇನ್ನೊಬ್ಬರ ಚೀಲದಲ್ಲಿ ಅಡಕವಾಗಿ ಕುಳಿತು ಸ್ಥಳವನ್ನೂ ಉಳಿಸುತ್ತದೆ. ಈ ಭೇದಕ್ಕೆ ಕಾರಣವೇನೆಂಬುದನ್ನು ಒಂದು ಉದಾಹರಣೆಯಿಂದ ವಿಚಾರಮಾಡೋಣ.

ಇಳಕಲ್ಲಿನ ವಿದ್ಯಾರ್ಥಿಯೊಬ್ಬನು ಹುನಗುಂದದ ಮೇಲೆ ಹಾದು ಬಾಗಲಕೋಟೆಗೆ ಬಂದು, ಅಲ್ಲಿ ಮಿತ್ರರನ್ನು ಕೂಡಿಕೊಂಡು ಬಾದಾಮಿಯ ಗುಹಾಲಯಗಳನ್ನು ನೋಡಲು ಹೋಗುವನೆಂದು ಭಾವಿಸೋಣ. ಬಾದಾಮಿಯಲ್ಲಿರುವ ಅಕ್ಕನಿಗೆ ಒಯ್ಯಬೇಕಾದ ಇಳಕಲ್ ಸೀರೆ, ಎರಡು ಜೊತೆ ಬಟ್ಟೆ, ಪುಸ್ತಕಗಳು, ನೀರಿನ ಬಾಟಲಿ, ಬುತ್ತಿಗೆಂದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾದ ಉಂಡಿ. ಇವು ಅವನ ಸಾಮಾನು. ಅವನು ಬಿಡಿಸಬೇಕಾದ ಪ್ರಶ್ನೆಗಳು ಮೂರು: ಸ್ಥಳ, ಭಾರ ಮತ್ತು ಕ್ರಮ.

ಮೊದಲು ಸ್ಥಳದ ವಿಚಾರ. ಉಂಡಿಗಳಿಂದ ತುಂಬಿದ ಡಬ್ಬಿಯು ನಿಜವಾಗಿ ತುಂಬಿರುವುದಿಲ್ಲ. ಗೋಲಗಳ ನಡುವೆ ಸಂದು ಉಳಿದೇ ಉಳಿಯುತ್ತದೆ. ಹಣ್ಣಿನ ಅಂಗಡಿಯಲ್ಲಿ ಕಿತ್ತಳೆಗಳನ್ನು ಒಟ್ಟುವಂತೆ, ಕೆಳಗಿನ ಪದರದ ತಗ್ಗುಗಳಲ್ಲಿ ಮೇಲಿನ ಗೋಲಗಳನ್ನು ಕೂರಿಸಿದರೆ ಅವು ಸ್ಥಳದ ಶೇಕಡಾ 74 ಭಾಗವನ್ನು ಆಕ್ರಮಿಸುತ್ತವೆ. ಇದಕ್ಕಿಂತ ಅಡಕವಾದ ಜೋಡಣೆಯಿಲ್ಲವೆಂದು ಖಗೋಳಜ್ಞ ಕೆಪ್ಲರನು 1611ರಲ್ಲಿ ಹೇಳಿದನು. ಸರಳವೆಂದು ತೋರುವ ಈ ಮಾತನ್ನು ಸಾಧಿಸಲು ಸುಮಾರು ನಾಲ್ಕು ಶತಮಾನಗಳೇ ಬೇಕಾದವು! ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್ ಗಣಕಯಂತ್ರದ ನೆರವಿನಿಂದ 1998ರಲ್ಲಿ ಸಾಧನೆಯನ್ನು ಮುಂದಿಟ್ಟರು. ಅದರ ಪ್ರತಿಯೊಂದು ಹೆಜ್ಜೆಯ ಪರಿಶೀಲನೆ 2014ರಲ್ಲಿ ಮುಗಿಯಿತು. ಗೋಲಗಳನ್ನು ಹೇಗೆಂದರೆ ಹಾಗೆ ಸುರಿದು ಕುಲುಕಿದರೆ ಅವು ತುಂಬುವುದು ಶೇಕಡಾ 64ರಷ್ಟು ಮಾತ್ರ. ಉಂಡಿಗಳಿಗೆ ಬದಲಾಗಿ, ಚೌಕವಾಗಿ ಕತ್ತರಿಸಿದ ಅಮೀನಗಡದ ಕರದಂಟನ್ನು ಒತ್ತೊತ್ತಾಗಿ ಇಟ್ಟರೆ ಸಂದೇ ಉಳಿಯದು. ಆದುದರಿಂದ ಚೀಲದಲ್ಲಿ ಮೊದಲು ಪುಸ್ತಕ, ಡಬ್ಬಿ ಮುಂತಾದ ಗಟ್ಟಿ ವಸ್ತುಗಳನ್ನು ಮೈಗೆ ಮೈ ತಾಗುವಂತೆ ಇಡಬೇಕು. ಉಳಿದ ಸಂದುಗಳಲ್ಲಿ ಕರವಸ್ತ್ರ, ಕಾಲುಚೀಲ, ಚಟ್ನಿಯ ಪೊಟ್ಟಣದಂತಹ ಬಾಗುವ ವಸ್ತುಗಳನ್ನು ತುಂಬಬೇಕು.

ಬಟ್ಟೆಯಲ್ಲಿ ಸ್ಥಳವನ್ನು ಕಬಳಿಸುವುದು ನೂಲಲ್ಲ, ವಾಯು. ಹತ್ತಿಯ ನಾರಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟು. ಎಂದರೆ, ಒಂದೂವರೆ ಕಿಲೋಗ್ರಾಂ ಹತ್ತಿಬಟ್ಟೆಯಲ್ಲಿರುವ ನಾರಿನ ಗಾತ್ರ ಒಂದೇ ಲೀಟರು. ಅದೇ ಬಟ್ಟೆಯನ್ನು ಮಡಿಸಿಟ್ಟು ಉದ್ದ, ಅಗಲ, ಎತ್ತರಗಳನ್ನು ಅಳೆದರೆ ಗಾತ್ರವು ಹಲವು ಲೀಟರುಗಳಾಗುತ್ತದೆ. ಹೆಚ್ಚಿನದೆಲ್ಲ ಪದರಗಳ ಮತ್ತು ಎಳೆಗಳ ನಡುವೆ ಸಿಕ್ಕ ಗಾಳಿ. ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿದರೆ ಸುತ್ತುವ ಎಳೆತವೇ ಈ ಗಾಳಿಯನ್ನು ಹಿಂಡಿ ಹೊರಹಾಕುತ್ತದೆ. ಸುರುಳಿಗಳ ನಡುವೆ ಸಂದು ಬೀಳುವುದು ನಿಜ. ಆದರೆ ಮೆತ್ತಗಿರುವುದರಿಂದ ಅವು ಒತ್ತಿದಾಗ ಆ ಸಂದನ್ನೂ ತುಂಬುತ್ತವೆ.

ಸೀರೆಗೆ ಮಡಿಕೆಯೇ ಲೇಸು. ಐದೂವರೆ ಮೀಟರು ಉದ್ದದ ಸೀರೆಯನ್ನು ಉದ್ದಕ್ಕೆ ನಾಲ್ಕು ಸಲ, ಅಗಲಕ್ಕೆ ಎರಡು ಸಲ ಅರ್ಧರ್ಧವಾಗಿ ಮಡಿಸಿದರೆ 64 ಪದರಗಳಾಗಿ, ಉದ್ದ ಸುಮಾರು 34 ಸೆಂಟಿಮೀಟರಿಗೆ ಇಳಿಯುತ್ತದೆ. ಚಪ್ಪಟೆಯಾಗಿ ಚೀಲದ ಒಂದು ಮಗ್ಗುಲಿಗೆ ಒರಗುತ್ತದೆ. ಆದರೆ ಮಡಿಕೆ ಹರಿತವಾದಷ್ಟೂ ಅದರ ಹೊರಮೈಯ ಎಳೆಗಳ ಮೇಲೆ ಎಳೆತ ಹೆಚ್ಚು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಇಂಥ ನೇಯ್ಗೆಯನ್ನು ಪ್ರತಿಸಲವೂ ಒಂದೇ ಗೆರೆಯಲ್ಲಿ ಮಡಿಸಬಾರದು. ಮಡಿಕೆಯೊಳಗೆ ಮೆತ್ತನೆಯ ಬಟ್ಟೆಯೊಂದನ್ನು ಇಟ್ಟರೆ ಬಾಗು ದುಂಡಾಗಿ ಎಳೆಗಳು ಉಳಿಯುತ್ತವೆ.

ಕಡಕ್ ರೊಟ್ಟಿಯ ಸ್ವಭಾವವೇ ಬೇರೆ. ಒಂದರ ಮೇಲೊಂದು ಸಮವಾಗಿ ಒಟ್ಟಿದ ರೊಟ್ಟಿಗಳು ಒತ್ತಡವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ, ಬಾಗುವಿಕೆಯನ್ನು ತಾಳಲಾರವು. ಅಡಿಯಲ್ಲಿ ಒಂದು ತಾಟನ್ನಿಟ್ಟು, ಅಲುಗಾಡದಂತೆ ಬಟ್ಟೆಯಲ್ಲಿ ಬಿಗಿದು ಕಟ್ಟಿದರೆ ಬಸ್ಸಿನ ಕುಲುಕಾಟದಲ್ಲಿಯೂ ಅವು ಮುರಿಯದೆ ಉಳಿಯುವ ಸಂಭವ ಹೆಚ್ಚು.

ಇನ್ನು ಭಾರ. ತುಂಬಿದ ಬೆನ್ನುಚೀಲದ ದ್ರವ್ಯರಾಶಿ 8 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಬಾದಾಮಿಯ ಗುಡ್ಡದ ಮೆಟ್ಟಿಲುಗಳಲ್ಲಿ ಅದನ್ನು 10 ಮೀಟರು ಎತ್ತರಕ್ಕೆ ಒಯ್ಯಲು ಸುಮಾರು 784 ಜೂಲ್ ಕೆಲಸವಾಗಬೇಕು. ಚೀಲವನ್ನು ಹೇಗೆ ತುಂಬಿದರೂ ಈ ಲೆಕ್ಕ ಬದಲಾಗದು. ಬದಲಾಗುವುದು ದೇಹವನ್ನು ಹಿಂದಕ್ಕೆ ಎಳೆಯುವ ಪರಿಣಾಮ. ಚೀಲದ ಗುರುತ್ವಕೇಂದ್ರವು ಬೆನ್ನಿನಿಂದ 10 ಸೆಂಟಿಮೀಟರು ದೂರವಿದ್ದಾಗ ಈ ಬಲಭ್ರಾಮಕವು ಸುಮಾರು 7.8 ನ್ಯೂಟನ್-ಮೀಟರು, 20 ಸೆಂಟಿಮೀಟರಾದಾಗ ಅದರ ಇಮ್ಮಡಿ. ಅದನ್ನು ಸರಿದೂಗಿಸಲು ನಾವು ಮುಂದಕ್ಕೆ ಬಾಗುತ್ತೇವೆ. ಬೆನ್ನಿನ ಸ್ನಾಯುಗಳು ಬಳಲುತ್ತವೆ. ಆದುದರಿಂದ ಪುಸ್ತಕ, ನೀರು ಮುಂತಾದ ಭಾರದ ವಸ್ತುಗಳು ಬೆನ್ನಿಗೆ ಹತ್ತಿಕೊಂಡು, ಎಡಬಲಕ್ಕೆ ಸಮವಾಗಿರಬೇಕು. ಬಟ್ಟೆ ಹೊರಗಿನ ಕಡೆಗಿರಬೇಕು. ಎರಡೂ ಹೆಗಲುಗಳಿಗೆ ಪಟ್ಟಿ ಹಾಕಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪಟ್ಟಿ ಅಗಲವಾದಷ್ಟೂ ಹೆಗಲಿನ ಪ್ರತಿ ಚದರ ಸೆಂಟಿಮೀಟರಿನ ಮೇಲಿನ ಒತ್ತಡ ಕಡಿಮೆ.

ಕೊನೆಯದು ಕ್ರಮ. ಮೇಲೆ ಮಾತ್ರ ಬಾಯಿರುವ ಚೀಲದಲ್ಲಿ ಕಡೆಗೆ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ. ಆದುದರಿಂದ ಮೊದಲು ಬೇಕಾಗುವುದನ್ನು ಕಡೆಗೆ ಇಡಬೇಕು: ಅಕ್ಕನ ಮನೆ ಮುಟ್ಟಿದ ಮೇಲೆ ತೆಗೆಯುವ ಸೀರೆ ಒಳಗೆ, ದಾರಿಯ ಬುತ್ತಿ ಮೇಲೆ. ಇದು ಬರಿಯ ಅನುಕೂಲದ ಮಾತಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ನದಿಗಳು ಉಕ್ಕಿದಾಗ ಬಾಗಲಕೋಟೆ ಜಿಲ್ಲೆಯ ಅನೇಕ ಗ್ರಾಮಗಳ ಜನರು ಮನೆ ಬಿಟ್ಟು ಹೊರಡಬೇಕಾಯಿತು. ಅಂಥ ಗಳಿಗೆಯಲ್ಲಿ ಯಾವುದನ್ನು ಒಯ್ಯಬೇಕು, ಎಲ್ಲಿಡಬೇಕು ಎಂದು ಯೋಚಿಸಲು ಯಾರಿಗೂ ವ್ಯವಧಾನವಿರುವುದಿಲ್ಲ. ನದೀತೀರದ ಮನೆಗಳಲ್ಲಿ ಮಳೆಗಾಲಕ್ಕೆ ಮುನ್ನವೇ ಒಂದು ಚೀಲ ಸಿದ್ಧವಿರುವುದು ಒಳ್ಳೆಯದು: ತಳದಲ್ಲಿ ಬಟ್ಟೆ, ಅದರ ಮೇಲೆ ಒಣ ತಿನಿಸು, ಎಲ್ಲಕ್ಕೂ ಮೇಲೆ ನೀರು ತಾಗದ ಹೊದಿಕೆಯಲ್ಲಿ ಔಷಧ, ಬ್ಯಾಟರಿ ದೀಪ, ಭೂಮಿಯ ಕಾಗದಪತ್ರ ಮತ್ತು ಮಕ್ಕಳ ಅಂಕಪಟ್ಟಿಗಳು.